ಲಿಂಗಕ್ಕೂ ಕೆಲಸ ಹಚ್ಚಿದ ಹಗ್ಗದವನು

ಶರಣ ನುಲಿಯ ಚಂದಯ್ಯನ ಗದ್ದುಗೆ ಇರುವುದು ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿ. ಅವನು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿದ ಊರು ಕಲ್ಯಾಣ, ಈಗಿನ ಬಸವಕಲ್ಯಾಣ. ನಡುವೆ ಕೃಷ್ಣೆ, ಭೀಮೆ, ತುಂಗಭದ್ರೆಯರ ಬಯಲು ಪೂರಾ ಇದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದಾಗ ಶರಣರು ಚದುರಿದರು, ಒಂದು ಗುಂಪು ಉಳವಿಯ ಕಡೆ ನಡೆಯಿತು, ಅದರಲ್ಲಿದ್ದ ಚಂದಯ್ಯ ಕೊನೆಗೆ ನುಲೇನೂರು ಸೇರಿದ ಎಂದು ಪರಂಪರೆ ಹೇಳುತ್ತದೆ. ಹೊಳಲ್ಕೆರೆ ಸೀಮೆಯ ಪ್ರವಾಸಿಯೊಬ್ಬ ಆ ಹಾದಿಯನ್ನು ಹಿಂದುಮುಂದಾಗಿ ಹಿಡಿದ. ಚಂದಯ್ಯ ಬಂದು ಸೇರಿದ ನೆಲದಿಂದ ಹೊರಟು ಅವನು ಬಿಟ್ಟು ಬಂದ ನೆಲಕ್ಕೆ ಹೋದ. ಬೀದರ್ ಜಿಲ್ಲೆಯ ಕೊಡಂಬಲದಲ್ಲಿ ಗೆಳೆಯನೊಬ್ಬನ ಮನೆಯಿತ್ತು. ಎಳ್ಳು ಅಮಾವಾಸ್ಯೆಯ ಹೊಲದ ಹಬ್ಬಕ್ಕೆ, ಎಳ್ಳಮಾಸಿಗೆ, ಬಾ ಎಂದು ಅವನು ವರ್ಷವರ್ಷವೂ ಕರೆಯುತ್ತಿದ್ದ.

ಊರಿಗೆ ಮರಳಿ ತಿಂಗಳುಗಳೇ ಕಳೆದಿವೆ. ಬಸವಕಲ್ಯಾಣದ ಕೋಟೆ, ದೊಡ್ಡ ಮೂರ್ತಿ, ಗುಡಿಗಳೆಲ್ಲ ನೆನಪಿನಲ್ಲಿ ತಮ್ಮ ತಮ್ಮ ಜಾಗ ಹಿಡಿದು ಕುಳಿತಿವೆ. ಚಂದಯ್ಯ ಮಾತ್ರ ಕುಳಿತಿಲ್ಲ. ಅವನು ಸಂತೋಷದ ಮನುಷ್ಯನಾಗಿದ್ದನೇ ಎಂಬ ಪ್ರಶ್ನೆ ಪ್ರವಾಸಿಯನ್ನು ಬಿಟ್ಟಿಲ್ಲ.

ಎಳ್ಳಮಾಸಿಯ ಬೆಳಿಗ್ಗೆ ಕೊಡಂಬಲದಲ್ಲಿ ಮನೆಗಳೆಲ್ಲ ಖಾಲಿಯಾದವು. ಬುಟ್ಟಿ ಹೊತ್ತವರು, ಕೊಡ ಹೊತ್ತವರು, ಟ್ರ್ಯಾಕ್ಟರಿನ ಡಬ್ಬಿಯಲ್ಲಿ ಮಕ್ಕಳನ್ನು ತುಂಬಿಕೊಂಡವರು, ಎಲ್ಲರೂ ಹೊಲದ ಕಡೆ ಹೊರಟರು. ಹೊಲದ ನಡುವೆ ಜೋಳದ ಕಣಕಿಯ ಸೂಡುಗಳನ್ನು ನಿಲ್ಲಿಸಿ ಕೊಂಪಿ ಕಟ್ಟಿದ್ದರು. ಒಳಗೆ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಪೂಜೆ ಮುಗಿದದ್ದೇ ಮನೆಯ ಹಿರಿಯರು ಬೆಳೆಯ ನಡುವೆ ನಡೆಯುತ್ತ ಅಂಬಲಿ, ಭಜ್ಜಿ ಚೆಲ್ಲಿ ಬಂದರು. ಬಿಳಿಜೋಳ ಎದೆಮಟ್ಟ ನಿಂತಿತ್ತು, ಕಡಲೆ ಕಾಲಿಗೆ ಹುಳಿ ಹತ್ತಿಸುತ್ತಿತ್ತು, ತೊಗರಿ ಒಣಗಲು ಹತ್ತಿತ್ತು. ಹೊಳಲ್ಕೆರೆಯ ಕಡೆಯೂ ಸೀಗೆ ಹುಣ್ಣಿಮೆಗೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಆದರೆ ಅಡಿಕೆ ತೋಟದ ನೆರಳಿನಲ್ಲಿ ಬೆಳೆದವನಿಗೆ ಕಣ್ಣು ಹರಿದಷ್ಟೂ ಮರ ಅಪರೂಪವಾದ ಈ ಬಯಲಿನಲ್ಲಿ ಊರಿಗೆ ಊರೇ ಉಣ್ಣಲು ಕುಳಿತ ನೋಟ ಹೊಸದು.

ಊಟವೆಂದರೆ ಭಜ್ಜಿಯೇ. ಬೆಂಗಳೂರಿನಲ್ಲಿ ಎಣ್ಣೆಯಲ್ಲಿ ಕರಿಯುವ ಬಜ್ಜಿಗೂ ಇದಕ್ಕೂ ಸಂಬಂಧವಿಲ್ಲ. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಪಾಲಕ್, ಆ ಹೊತ್ತಿಗೆ ಹೊಲದಲ್ಲಿ ಸಿಕ್ಕಿದ ಕಾಳು ಸೊಪ್ಪೆಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟು ಹಾಕಿ ದೊಡ್ಡ ಪಾತ್ರೆಯಲ್ಲಿ ಬೇಯಿಸಿರುತ್ತಾರೆ. ಅದರ ಜೊತೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಡುಬು. ಕುಡಿಯಲು ಜೋಳದ ಅಂಬಲಿ, ಮಜ್ಜಿಗೆ ಹುಳಿಯದ್ದು, ಬೆಳ್ಳುಳ್ಳಿ ಜೀರಿಗೆಯ ವಾಸನೆಯದ್ದು. ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದು ಕೂಡಿಸಿದರು. ಯಾರು ಯಾವ ಜಾತಿ ಎಂದು ಪ್ರವಾಸಿಗೆ ತಿಳಿಯಲಿಲ್ಲ, ಆ ಹೊತ್ತಿಗೆ ಯಾರೂ ಕೇಳಲೂ ಇಲ್ಲ. ಪಕ್ಕದ ಹೊಲದವರು ತಮ್ಮ ಭಜ್ಜಿ ತಂದು ಬಡಿಸಿದರು, ಇವರದ್ದು ಅಲ್ಲಿಗೆ ಹೋಯಿತು. ಯಾರ ಮನೆಯ ಕೈರುಚಿ ಹೆಚ್ಚು ಎಂಬ ವಾದ ಸಂಜೆಯವರೆಗೂ ನಡೆಯಿತು.

ಗೆಳೆಯನ ಮನೆಯ ಅಜ್ಜ, ಎಲ್ಲರ ಬಾಯಲ್ಲೂ ಮುತ್ಯಾ, ಉಂಡವರೇ ಬೇವಿನ ಬುಡಕ್ಕೆ ಹೋಗಿ ಕುಳಿತರು. ಕೈಗೆ ಕೆಲಸವಿಲ್ಲದೆ ಕೂರುವುದು ಅವರಿಗೆ ಬರುವುದಿಲ್ಲವೆಂದು ಮನೆಯವರೆಲ್ಲ ಹೇಳಿದರು. ಹಬ್ಬದ ದಿನವೂ ಪಕ್ಕದಲ್ಲಿ ಪುಂಡಿ ನಾರಿನ ಒಂದು ಕಟ್ಟು ಇತ್ತು.

ಕಲ್ಯಾಣ ಕರ್ನಾಟಕದಲ್ಲಿ ಪುಂಡಿ ಪಲ್ಯ ಉಣ್ಣದವರಿಲ್ಲ. ಹುಳಿಸೊಪ್ಪು, ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆ; ಬಿಸಿ ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಆ ಗಿಡದ ಎಲೆ ಹೊಟ್ಟೆಗಾದರೆ ಕಾಂಡದ ತೊಗಟೆ ಹಗ್ಗಕ್ಕೆ. ಬಲಿತ ಗಿಡವನ್ನು ಕೊಯ್ದು, ಸೂಡು ಕಟ್ಟಿ, ಹಳ್ಳದ ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರುತ್ತಾರೆ. ತೊಗಟೆ ಕೊಳೆತು ಸಡಿಲವಾಗುವವರೆಗೆ ಆ ಹಳ್ಳದ ಸುತ್ತ ಮೂಗು ಮುಚ್ಚಿಕೊಂಡೇ ಓಡಾಡಬೇಕು. ಆಮೇಲೆ ಬುಡದಿಂದ ತುದಿಗೆ ನಾರು ಸುಲಿದು, ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹರವಿದರೆ ಹೊಂಬಣ್ಣ ಬರುತ್ತದೆ. ಮುತ್ಯಾನ ಕೈಯಲ್ಲಿ ಇದ್ದದ್ದು ಆ ನಾರು.

ನಾರಿನ ಎರಡು ಎಳೆ ತೊಡೆಯ ಮೇಲಿಟ್ಟು ಅಂಗೈಯಿಂದ ಒಮ್ಮೆ ಮುಂದಕ್ಕೆ ಉಜ್ಜಿದರು. ಎಳೆಗಳು ಬೇರೆ ಬೇರೆಯಾಗಿಯೇ ಹುರಿಗೊಂಡವು. ಅಂಗೈಯನ್ನು ಹಿಂದಕ್ಕೆ ಎಳೆದರು. ಎರಡೂ ಒಂದರ ಮೇಲೊಂದು ಸುತ್ತಿಕೊಂಡು ಕಚ್ಚಿ ನಿಂತವು. ಹಗ್ಗದ ಗುಟ್ಟೆಲ್ಲ ಅಲ್ಲಿದೆ. ಒಂದು ದಿಕ್ಕಿಗೆ ಹುರಿಗೊಂಡ ಎಳೆಗಳನ್ನು ಎದುರು ದಿಕ್ಕಿಗೆ ಹೆಣೆದಾಗ ಪ್ರತಿ ಎಳೆಯೂ ಬಿಚ್ಚಿಕೊಳ್ಳಲು ಹೆಣಗುತ್ತದೆ, ಆ ಹೆಣಗಾಟವೇ ಇನ್ನೊಂದನ್ನು ಬಿಗಿಯುತ್ತದೆ. ಎಳೆ ತೀರುತ್ತ ಬಂದಂತೆ ಹೊಸ ನಾರನ್ನು ಕಣ್ಣಿಗೆ ಕಾಣದಂತೆ ಸೇರಿಸುತ್ತಿದ್ದರು. ಎರಡು ಎಳೆ ಒಂದೇ ಜಾಗದಲ್ಲಿ ಮುಗಿಯಬಾರದು, ಮುಗಿದರೆ ಹಗ್ಗ ಅಲ್ಲೇ ಹರಿಯುತ್ತದೆ. ಮುತ್ಯಾ ಇದನ್ನು ನೋಡದೆಯೇ ಮಾಡುತ್ತಿದ್ದರು. ಕಣ್ಣು ಮೊಮ್ಮಕ್ಕಳ ಆಟದ ಮೇಲಿತ್ತು, ಬಾಯಿ ಮಾತಿನ ಮೇಲಿತ್ತು.

"ನಿಮ್ಮ ಕಡಿ ದನಕ್ಕ ಏನ್ ಹಗ್ಗ ಕಟ್ತೀರಿ?" ಎಂದು ಕೇಳಿದರು.

"ತೆಂಗಿನ ನಾರಿನದು, ಮುತ್ಯಾ. ಈಗೀಗ ನೈಲಾನು."

"ನೈಲಾನ್ ಇಲ್ಲೂ ಅದ. ದನದ ಕುತ್ಗಿ ಕೊಯ್ತದ ಅದು. ತೆಂಗಿನ ನಾರು ನಾ ಕೈಯಾಗ ಹಿಡದಿಲ್ಲ ನೋಡ್ರಿ. ಹ್ಯಾಂಗ್ ಕೂಡ್ತದೋ ಏನೋ."

ಚಂದಯ್ಯನ ಹೆಸರು ಎತ್ತಿದ್ದೇ ತಡ ಮುತ್ಯಾನ ಮುಖ ಅರಳಿತು. ಕಥೆಯನ್ನು ಅವರು ಪುರಾಣದ ಧಾಟಿಯಲ್ಲಿ ಹೇಳಲಿಲ್ಲ. ನಿನ್ನೆ ಮೊನ್ನೆ ಪಕ್ಕದ ಓಣಿಯಲ್ಲಿ ನಡೆದ ಸಂಗತಿಯನ್ನು ಹೇಳುವಂತೆ ಹೇಳಿದರು.

ಚಂದಯ್ಯ ಕೆರೆಯಲ್ಲಿ ಇಳಿದು ಮೆದೆ ಹುಲ್ಲು ಕೊಯ್ಯುತ್ತಿದ್ದಾನೆ. ಕೊರಳಿನ ಲಿಂಗ ಜಾರಿ ನೀರಿಗೆ ಬಿತ್ತು. ಬೇರೆ ಯಾರೇ ಆಗಿದ್ದರೂ ಎದೆ ಒಡೆದುಕೊಳ್ಳುತ್ತಿದ್ದರು, ಇಷ್ಟಲಿಂಗ ಹೋದರೆ ಪ್ರಾಣವೇ ಹೋಯಿತೆನ್ನುವ ಕಾಲ. ಚಂದಯ್ಯ ಹುಲ್ಲಿನ ಹೊರೆ ತಲೆಗೇರಿಸಿ ಮನೆ ಕಡೆ ನಡೆದ. "ಲಿಂಗ ಬೆನ್ನ ಹತ್ತಿತು ನೋಡ್ರಿ. ನಿಲ್ಲೋ ಚಂದಯ್ಯಾ ಅಂತು. ಇಂವ ನಿಲ್ಲಲಿಲ್ಲ. ಹುಲ್ಲ ಒಣಗತದ, ಹಗ್ಗ ಯಾರ್ ಹೊಸೀಬೇಕು?" ಇಲ್ಲಿ ಮುತ್ಯಾ ಹೊಸೆಯುವುದನ್ನು ನಿಲ್ಲಿಸಿ ಗಟ್ಟಿಯಾಗಿ ನಕ್ಕರು. ಸುತ್ತ ಕುಳಿತವರೂ ನಕ್ಕರು. ಅವರೆಲ್ಲ ಎಷ್ಟೋ ಸಲ ಕೇಳಿದ ಕಥೆಯದು. ಕೊನೆಗೆ ಇನ್ನೊಬ್ಬ ಶರಣ ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಿದ. ಲಿಂಗವನ್ನು ತಿರುಗಿ ಸೇರಿಸಿಕೊಳ್ಳಬೇಕಾದರೆ ಅದೂ ಕಾಯಕ ಮಾಡಲಿ ಎಂದಾಯಿತು. ಚಂದಯ್ಯ ಹಗ್ಗ ಹೊಸೆಯುವುದು, ಲಿಂಗ ಅದನ್ನು ಮಾರಿ ಬರುವುದು.

ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗಕ್ಕೆ ಒಂದು ಅಧ್ಯಾಯವೇ ಮೀಸಲು. ಅಲ್ಲಿ ಗುರು, ಲಿಂಗ, ಜಂಗಮಗಳ ಸಂಬಂಧದ ಮೇಲೆ ಗಂಭೀರ ಚರ್ಚೆ ನಡೆಯುತ್ತದೆ. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ, ಸೇವೆಯಿಂದ ಯಾರಿಗೂ ವಿನಾಯಿತಿ ಇಲ್ಲವೆಂಬುದು ಚಂದಯ್ಯನ ನಿಲುವು. ಪಂಡಿತರು ಆ ಅಧ್ಯಾಯದಲ್ಲಿ ತತ್ತ್ವವನ್ನು ಹುಡುಕಿದ್ದಾರೆ, ಸರಿಯೇ. ಆದರೆ ಬೇವಿನ ಬುಡದಲ್ಲಿ ಕುಳಿತು ಕೇಳಿದವನಿಗೆ ಅದೇ ಪ್ರಸಂಗದ ಒಳಗಿನ ಉಲ್ಲಾಸ ಕಂಡಿತು. ದೇವರೇ ಹಿಂದೆ ಹಿಂದೆ ಬರುತ್ತಿರುವಾಗ ಹೊರೆ ಇಳಿಸದೆ ನಡೆಯುವವನಿಗೆ ತನ್ನ ಕೆಲಸದ ಮೇಲೆ ಎಂಥ ಪ್ರೀತಿ ಇದ್ದಿರಬೇಕು! ಕಾಯಕವನ್ನು ನಾವು ವೇದಿಕೆಯ ಮೇಲೆ ಬಹಳ ಭಾರದ ಮಾತು ಮಾಡಿಬಿಟ್ಟಿದ್ದೇವೆ. ಚಂದಯ್ಯನಿಗೆ ಅದು ಭಾರವಾಗಿರಲಿಲ್ಲ.

ಕೊಡಂಬಲದಿಂದ ಪ್ರವಾಸಿ ಹುಮನಾಬಾದಿಗೆ ಹೋದ. ವೀರಭದ್ರೇಶ್ವರ ಗುಡಿಗೆ ಹೋಗಿ ಬಂದು, ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸಮಾಧಿ ನೋಡಿದ. ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಯಾದ ಪ್ರಭುಗಳು ಎಲ್ಲ ಮತಗಳೂ ಒಂದೇ ಎಂದು ಸಕಲಮತ ಸಂಪ್ರದಾಯ ಕಟ್ಟಿದವರು. ಈ ಸೀಮೆಯ ಮಣ್ಣಿಗೆ ಅಂಥದ್ದೊಂದು ಗುಣ ಇದೆ. ಕನ್ನಡ, ಮರಾಠಿ, ಉರ್ದು, ತೆಲುಗು ಒಂದೇ ಚಹಾದಂಗಡಿಯಲ್ಲಿ ಕೇಳುತ್ತವೆ. ಒಬ್ಬ ಒಂದರಲ್ಲಿ ಕೇಳುತ್ತಾನೆ, ಇನ್ನೊಬ್ಬ ಮತ್ತೊಂದರಲ್ಲಿ ಉತ್ತರಿಸುತ್ತಾನೆ, ಇಬ್ಬರಿಗೂ ಚಹಾ ಬರುತ್ತದೆ.

ಪೇಟೆಯಲ್ಲಿ ಹಗ್ಗದ ಅಂಗಡಿ ಕಂಡಿತು. ಹಳದಿ, ನೀಲಿ, ಹಸಿರು ನೈಲಾನ್ ಹಗ್ಗದ ಸುರುಳಿಗಳು ಛಾವಣಿಯಿಂದ ನೆಲದವರೆಗೆ ತೂಗುತ್ತಿದ್ದವು. ತೂಕದ ಮೇಲೆ ಮಾರಾಟ. ಪುಂಡಿ ನಾರಿನ ಹಗ್ಗ ಕೇಳಿದರೆ ಅಂಗಡಿಯವರು ಒಳಗಿನಿಂದ ಒಂದೆರಡು ಕಣ್ಣಿ ತೆಗೆದು ತೋರಿಸಿದರು. ಹಬ್ಬಕ್ಕೆ ಎತ್ತಿನ ಶೃಂಗಾರಕ್ಕೆಂದು ಕೆಲವರು ಒಯ್ಯುತ್ತಾರಂತೆ.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಗುಡಿಯಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ಶಾಸನವಾಗಿ ಬರೆಯುತ್ತ ನಿಂತಿದ್ದಾಳೆ. ವಿಕ್ರಮಾದಿತ್ಯ 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದವನು, ಬಿಲ್ಹಣನಂಥ ಕಾಶ್ಮೀರದ ಕವಿಯನ್ನು ತನ್ನ ಆಸ್ಥಾನಕ್ಕೆ ಸೆಳೆದವನು. ರಾಜನ ಹೆಸರನ್ನು ಕಲ್ಲಿನಲ್ಲಿ ಬರೆಯಲು ಕಲ್ಲಿನ ಹೆಣ್ಣೇ ಸಿಕ್ಕಳು. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ನಂತರ ಬಾಳಿದ ಹಗ್ಗದವನ ಮಾತು ಓಲೆಗರಿಗಳಲ್ಲಿ ಬದುಕಿ ಬಂತು. ಮನೆಮನೆ, ಮಠಮಠ ತಿರುಗಿ ಅಂಥ ಓಲೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರ ಹೊರತಂದ ಫ.ಗು. ಹಳಕಟ್ಟಿಯವರು ದುಡಿದ ಊರು ವಿಜಯಪುರ. ಚಂದಯ್ಯ ಹುಟ್ಟಿದ್ದೆಂದು ಹೇಳುವ ಶಿವಣಗಿಯೂ ಅದೇ ಜಿಲ್ಲೆಯಲ್ಲಿದೆ. 'ಚಂದೇಶ್ವರಲಿಂಗ' ಅಂಕಿತದ 48 ವಚನಗಳು ಈಗ ಓದಲು ಸಿಗುತ್ತವೆ.

ಬಸವಕಲ್ಯಾಣ ಹೊಕ್ಕವರಿಗೆ ಮೊದಲು ಕಾಣುವುದು 108 ಅಡಿ ಎತ್ತರದ ಬಸವಣ್ಣನ ಮೂರ್ತಿ. ಊರೊಳಗೆ ಕೋಟೆ. ಚಾಲುಕ್ಯರು, ಕಳಚೂರಿ ಬಿಜ್ಜಳ, ಆಮೇಲೆ ಬಹಮನಿಗಳು, ಕೊನೆಗೆ ನಿಜಾಮರ ಕೆಳಗಿನ ಕಲ್ಯಾಣಿ ನವಾಬರು, ಎಲ್ಲರ ಕಾಲವನ್ನೂ ಈ ಊರು ಕಂಡಿದೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಇವೆಲ್ಲವನ್ನೂ ದಾಟಿ ತ್ರಿಪುರಾಂತಕ ಕೆರೆಯ ಕಡೆ ಹೋದರೆ ಶರಣರ ಹೆಸರಿನ ಗವಿಗಳು ಸಿಗುತ್ತವೆ. ಅಕ್ಕನಾಗಮ್ಮನದು, ಅಂಬಿಗರ ಚೌಡಯ್ಯನದು, ನುಲಿಯ ಚಂದಯ್ಯನದು. ಅರಮನೆಯ ಊರಿನಲ್ಲಿ ದೋಣಿ ನಡೆಸುವವನ, ಹಗ್ಗ ಹೊಸೆಯುವವನ ವಿಳಾಸ ಎಂಟು ಶತಮಾನದ ಮೇಲೂ ಜನರ ಬಾಯಲ್ಲಿ ಉಳಿದಿದೆ ಎಂಬುದೇ ಪ್ರವಾಸಿಗೆ ದೊಡ್ಡ ವಿಷಯವಾಗಿ ಕಂಡಿತು.

ಗವಿಯ ಹತ್ತಿರ ಒಂದು ಕುಟುಂಬ ಬುತ್ತಿ ಬಿಚ್ಚಿ ಕುಳಿತಿತ್ತು. ಲಾತೂರಿನ ಕಡೆಯವರು, ಮರಾಠಿ ಮಾತಿನ ಶರಣರು. "ಬರ್ರಿ ಅಣ್ಣಾ, ಕುಂದ್ರಿ" ಎಂದು ತಮಗೆ ಬಂದಷ್ಟು ಕನ್ನಡದಲ್ಲಿ ಕರೆದು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಮಾತು ಅಲ್ಲಿಂದ ಅವರ ಸೀಮೆಯ ಸಂತರ ಕಡೆ ಹೊರಳಿತು. ತೇರ್ ಎಂಬ ಊರಿನ ಗೋರಾ ಕುಂಬಾರ, ಅರಣ್ ಗಾವಿನ ಸಾವತಾ ಮಾಳಿ. ಸಾವತಾ ತೋಟಿಗ. ಪಂಢರಪುರಕ್ಕೆ ಹೋಗದೆ ತನ್ನ ಪಾತಿಯ ತರಕಾರಿಯಲ್ಲೇ ವಿಠ್ಠಲನನ್ನು ಕಂಡವನು, ತೀರಿಕೊಂಡದ್ದು 1295ರಲ್ಲಿ. ಚಂದಯ್ಯನಿಗಿಂತ ನೂರು ವರ್ಷಕ್ಕೂ ಈಚಿನವನು. ಒಂದೇ ಕಪ್ಪುನೆಲದ ಎರಡು ಅಂಚಿನಲ್ಲಿ ಇಬ್ಬರು ಕೆಲಸಗಾರರು, ದೇವರನ್ನು ಹುಡುಕಲು ಕೆಲಸ ಬಿಟ್ಟು ಏಳಲು ಇಬ್ಬರೂ ಒಪ್ಪಲಿಲ್ಲ. ಸಾವತಾನ ದೇವರು ತಾನೇ ತೋಟಕ್ಕೆ ಬಂದ. ಚಂದಯ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಂದ ದೇವರ ಕೈಗೆ ಹಗ್ಗ ಕೊಟ್ಟು ಸಂತೆಗೆ ಕಳಿಸಿದ.

ಸಂತೆಯ ಕಥೆಯೂ ಅಲ್ಲಿಗೆ ಮುಗಿಯುವುದಿಲ್ಲ. ಲಿಂಗ ಹಗ್ಗ ಹಿಡಿದು ಬಸವಣ್ಣನ ಮನೆಗೆ ಹೋಯಿತು, ಬಸವಣ್ಣ ಭಕ್ತಿಯಿಂದ ಸಾವಿರ ಹೊನ್ನು ಕೊಟ್ಟ, ಚಂದಯ್ಯ ಅದನ್ನು ಮುಟ್ಟಲಿಲ್ಲ ಎಂದು ಹೇಳುತ್ತಾರೆ. ಹಗ್ಗಕ್ಕೆ ಹಗ್ಗದ ಬೆಲೆ ಬರಬೇಕು. ಮೇಲಿನದು ತನ್ನ ಬೆವರಲ್ಲ. ಇಂಥದ್ದೇ ಮಾತು ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿಯೂ ಬರುತ್ತದೆ. ಗಂಡ ಮಾರಯ್ಯ ಬಸವಣ್ಣನ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವವನು. ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ತಿರುಗಿ ಅಲ್ಲಿಯೇ ಸುರಿದು ಬರಲು ಕಳಿಸಿದಳು. ಯಾರನ್ನೋ ಕಾಡಿ ಬೇಡಿ ತಂದ ಹಣದಿಂದ ಮಾಡಿದ ದಾಸೋಹ ದೇವರಿಗೆ ಸಲ್ಲುವುದಿಲ್ಲ ಎಂದು ಚಂದಯ್ಯ ವಚನದಲ್ಲೇ ಖಂಡಿತವಾಗಿ ಹೇಳಿದ್ದಾನೆ. ಇದನ್ನು ತ್ಯಾಗವೆಂದು ಕರೆಯಲು ಪ್ರವಾಸಿಯ ಮನಸ್ಸು ಒಪ್ಪದು. ತ್ಯಾಗ ಮಾಡುವವನಿಗೆ ಬಿಟ್ಟದ್ದರ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ. ಈ ಮನುಷ್ಯನಿಗೆ ಹೊಸೆದ ಹಗ್ಗ, ಅದು ತಂದ ಕಾಸು, ಆ ಕಾಸಿನಿಂದ ಬೆಂದ ಅನ್ನವನ್ನು ನಾಲ್ಕು ಜನರ ಜೊತೆ ಉಣ್ಣುವ ಸಂಜೆ, ಇಷ್ಟರಲ್ಲಿ ಸುಖ ಭರ್ತಿಯಾಗಿತ್ತು. ಸಾವಿರ ಹೊನ್ನಿಗೆ ಜಾಗವೇ ಇರಲಿಲ್ಲ.

ಆದರೆ ಚಂದಯ್ಯನ ಸಂತೋಷ ನೆನೆಯುವಾಗ ಅವನ ಹೆಸರು ಹೇಳಿಕೊಂಡು ಬದುಕಿದವರ ದುಃಖವನ್ನು ಮರೆಯುವುದು ಅನ್ಯಾಯ. ಕೊರಚ, ಕೊರಮ ಸಮುದಾಯದವರು ಅವನನ್ನು ತಮ್ಮ ಕುಲಗುರು ಎಂದು ನಂಬುತ್ತಾರೆ. ಹಗ್ಗ, ಬುಟ್ಟಿ, ಪೊರಕೆ ಮಾಡುತ್ತ, ಎತ್ತು ಕತ್ತೆಗಳ ಮೇಲೆ ಉಪ್ಪು ಕಾಳು ಹೇರಿಕೊಂಡು ಊರೂರು ತಿರುಗಿದ ಜನ ಇವರು. ರೈಲು ಬಂತು, ಉಪ್ಪಿನ ಮೇಲೆ ಬ್ರಿಟಿಷರ ಹಿಡಿತ ಬಿಗಿಯಾಯಿತು, ಅವರ ವ್ಯಾಪಾರ ಕುಸಿಯಿತು. ಮೇಲಿಂದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂದು ಈ ಜನರಿಗೆ ಹುಟ್ಟುಗಳ್ಳರೆಂಬ ಹಣೆಪಟ್ಟಿ ಅಂಟಿಸಿತು. ಹಾಜರಿ ಹಾಕದೆ ಊರು ಬಿಡುವಂತಿರಲಿಲ್ಲ. ಬೇಡವಾದ ಹೊನ್ನನ್ನು ತಿರುಗಿ ಕೊಟ್ಟವನ ಮಕ್ಕಳು ಎಂದು ಹೇಳಿಕೊಳ್ಳುವವರನ್ನು ಸರಕಾರ ಕಳ್ಳರ ಪಟ್ಟಿಯಲ್ಲಿ ಬರೆಯಿತು. 1952ರಲ್ಲಿ ಕಾಯ್ದೆ ರದ್ದಾಯಿತು. ಹಳ್ಳಿಗಳಲ್ಲಿ ಅನುಮಾನದ ಕಣ್ಣು ಅಷ್ಟು ಬೇಗ ಹೋಗಲಿಲ್ಲ. ಈಗ ರಾಜ್ಯ ಸರಕಾರ ನೂಲ ಹುಣ್ಣಿಮೆಗೆ ಚಂದಯ್ಯನ ಜಯಂತಿ ಆಚರಿಸುತ್ತದೆ. ಭಾವಚಿತ್ರಕ್ಕೆ ಹೂವಿನ ಹಾರ ಬೀಳುತ್ತದೆ, ಭಾಷಣಗಳಾಗುತ್ತವೆ. ಆ ವೇದಿಕೆಯ ಮೇಲೆ ಒಬ್ಬ ಹಗ್ಗ ಹೊಸೆಯುವವನನ್ನು ಕೂಡಿಸಿ, ನಾಲ್ಕು ಮಾರು ಹೊಸೆಯುವವರೆಗೆ ಎಲ್ಲರೂ ಸುಮ್ಮನೆ ನೋಡಬಾರದೇಕೆ?

ಹೊಳಲ್ಕೆರೆ ಸೀಮೆಯಲ್ಲಿ ತೆಂಗಿನ ಗರಿಯ ನೆರಳಿದೆ, ಅಡಿಕೆಯ ದುಡ್ಡಿದೆ. ಬೀದರಿನ ಬಯಲಿಗೆ ಹೋಲಿಸಿದರೆ ಬದುಕು ತಂಪು. ಆದರೆ ಚರಗ ಚೆಲ್ಲಿದರೂ ಊರಿಗೆ ಊರೇ ಹೊಲದಲ್ಲಿ ಉಣ್ಣುವ ಎಳ್ಳಮಾಸಿಯಂಥ ಹಬ್ಬವಿಲ್ಲ. ದಾರಿಹೋಕರನ್ನು ಕೂಗಿ ಊಟಕ್ಕೆ ಕೂಡಿಸುವ ದಿನ ತನ್ನೂರಿನಲ್ಲಿ ಯಾವುದೆಂದು ಪ್ರವಾಸಿ ಯೋಚಿಸಿದ, ಜಾತ್ರೆಯ ದಾಸೋಹ ಬಿಟ್ಟರೆ ಬೇರೆ ನೆನಪಾಗಲಿಲ್ಲ. ನುಲೇನೂರಿನ ಗದ್ದುಗೆಗೆ ಮತ್ತೆ ಹೋದಾಗ ಮುತ್ಯಾನ ನಗೆ ಕಿವಿಯಲ್ಲಿತ್ತು. ಮೊದಲು ಅಲ್ಲಿ ಕೈ ಮುಗಿದು ಬಂದುಬಿಡುತ್ತಿದ್ದವನು ಈ ಸಲ ಸುತ್ತಮುತ್ತ ಹಗ್ಗ ಮಾಡುವವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದ.

ಕೊಡಂಬಲಕ್ಕೆ ಫೋನು ಮಾಡಿದರೆ ಮುತ್ಯಾ ಯೋಗಕ್ಷೇಮ ಅರ್ಧಕ್ಕೇ ಬಿಟ್ಟು ನಾರಿನ ಮಾತೆತ್ತಿದರು. "ತೆಂಗಿನ ನಾರು ಒಂದಿಷ್ಟು ಕಳಸ್ರಿ. ತೊಡಿ ಮ್ಯಾಲ ಕೂಡ್ತದೋ ಇಲ್ಲೋ ನೋಡೇಬಿಡಮು." ತೆಂಗಿನ ನಾರು ಗಿಡ್ಡ, ಒರಟು, ಪುಂಡಿಯ ಉದ್ದ ಎಳೆಗೆ ಪಳಗಿದ ಕೈಗೆ ಹೊಸ ಪಾಠ. ತೆಂಗಿನ ಸಿಪ್ಪೆ ನೆನೆಸಿ ಬಡಿದು ಬಿಡಿಸಿದ ನಾರನ್ನು ಚೀಲಕ್ಕೆ ತುಂಬಿ ಪ್ರವಾಸಿ ಗೆಳೆಯನ ಹೆಸರಿಗೆ ಕಳಿಸಿದ. ಅದು ತಲುಪಿದ ದಿನ ಸಂಜೆಯೇ ಫೋನು ಬಂತು. ಮೊದಲ ಗೇಣು ಬಿಚ್ಚಿಹೋಯಿತಂತೆ, ನೀರು ಚಿಮುಕಿಸಿ ಮತ್ತೆ ಹಿಡಿದರಂತೆ, ಈಗ ಕರುವಿಗೆ ಸಾಲುವಷ್ಟು ಆಗಿದೆಯಂತೆ. ಇನ್ನೊಂದು ಚೀಲ ಬೇಕೆಂದಿದ್ದಾರೆ.